ಕೇರಂ ಬೋರ್ಡಿನ ಮೇಲೊಂದು ಪಾಠ

ಭಾನುವಾರದ ಊಟ ಮುಗಿದರೆ ಡೊಂಬಿವಲಿಯ ನಮ್ಮ ಮನೆಯಲ್ಲಿ ಗೋಡೆಗೆ ಒರಗಿಸಿಟ್ಟ ಕೇರಂ ಬೋರ್ಡು ಕೆಳಗಿಳಿಯುತ್ತದೆ. ಬೋರಿಕ್ ಪುಡಿ ಚಿಮುಕಿಸುವುದು ಮಗಳ ಪಾಲು, ಮೊದಲು ಹೊಡೆಯುವುದು ಮಗನ ಪಾಲು, ಸೋಲುವುದು ನಮ್ಮ ಪಾಲು. ಆದರೆ 2025ರ ಜೂನ್ ತಿಂಗಳ ಒಂದು ಭಾನುವಾರ ಆಟಕ್ಕಿಂತ ಪಾಠವೇ ಹೆಚ್ಚಾಯಿತು.

ಕಾರಣವಿತ್ತು. ಆ ತಿಂಗಳ 9ರಂದು ಬೆಳಿಗ್ಗೆ ಮುಂಬ್ರಾ ಬಳಿಯ ತಿರುವಿನಲ್ಲಿ ಎರಡು ಲೋಕಲ್ ಗಾಡಿಗಳು ಎದುರುಬದುರಾಗಿ ಹಾದುಹೋಗುವಾಗ ಬಾಗಿಲಲ್ಲಿ ಜೋತುಬಿದ್ದಿದ್ದವರು ಹಳಿಗೆ ಬಿದ್ದರು. ನಾಲ್ವರು ಅಂದೇ ತೀರಿಕೊಂಡರು. ನಮ್ಮ ಮಗ ಕಾಲೇಜಿಗೆ ಹೋಗುವುದೂ ಅದೇ ದಾರಿಯಲ್ಲಿ, ಅಂಥದೇ ಬಾಗಿಲಲ್ಲಿ. ನಮ್ಮಾಕೆ ಮೂರು ದಿನ ಸರಿಯಾಗಿ ಉಂಡಿರಲಿಲ್ಲ. ಮಗ ಮಾತ್ರ, “ಕಂಬ ನಿಂತಲ್ಲೇ ನಿಂತಿರುತ್ತಪ್ಪ, ನಾನು ನೋಡಿಕೊಂಡಿರ್ತೀನಿ” ಎನ್ನುತ್ತಿದ್ದ.

ನಾವು ಒಂದು ಕಾಯಿಯನ್ನು ನಡುವೆ ಇಟ್ಟು, ಇನ್ನೊಂದು ಕಾಯಿಯಿಂದ ನೇರವಾಗಿ ಹೊಡೆದೆವು. ಓಡಿಬಂದದ್ದು ಹೆಚ್ಚುಕಡಿಮೆ ಅಲ್ಲೇ ನಿಂತಿತು. ನಿಂತದ್ದು ಅದರ ವೇಗವನ್ನು ಎತ್ತಿಕೊಂಡು ಹೊರಟಿತು. ಮತ್ತೆ ಸ್ಟ್ರೈಕರಿನಿಂದ ಹೊಡೆದೆವು. ಸ್ಟ್ರೈಕರು ಸುಮಾರು 15 ಗ್ರಾಂ, ಕಾಯಿ ಸುಮಾರು 5 ಗ್ರಾಂ. ಶಕ್ತಿ ಸೋರದ ಡಿಕ್ಕಿಯಾದರೆ ಸ್ಟ್ರೈಕರು ಅರ್ಧ ವೇಗದಲ್ಲಿ ಮುಂದೆ ಸಾಗುತ್ತದೆ, ಕಾಯಿ ಸ್ಟ್ರೈಕರಿನ ಮೊದಲ ವೇಗದ ಒಂದೂವರೆ ಪಟ್ಟು ಓಡುತ್ತದೆ. ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದರೆ ಬರುವ ಸಂವೇಗ ಡಿಕ್ಕಿಯ ಮೊದಲೂ ಅಷ್ಟೇ, ಆಮೇಲೂ ಅಷ್ಟೇ. ಹಂಚಿಕೆ ಮಾತ್ರ ಬೇರೆ. ಕೊನೆಗೆ ಕಾಯಿಯನ್ನು ಚೌಕಟ್ಟಿಗೆ ಹೊಡೆದೆವು. ಚೌಕಟ್ಟು ಅಲುಗಲಿಲ್ಲ, ಕಾಯಿಯೇ ಹಿಂದಕ್ಕೆ ಪುಟಿಯಿತು.

“ಕಂಬವೆಂದರೆ ಈ ಚೌಕಟ್ಟು. ಅದರ ಬೆನ್ನಿಗೆ ಭೂಮಿಯೇ ಇದೆ. ಪೆಟ್ಟು ಕಂಬಕ್ಕೂ ತಲೆಗೂ ಸಮಸಮ, ತಾಳುವ ಬಲ ಸಮವಲ್ಲ” ಎಂದೆವು.

ಲೆಕ್ಕವನ್ನೂ ಹೇಳಿದೆವು. ಗಂಟೆಗೆ 36 ಕಿ.ಮೀ. ಎಂದರೆ ಸೆಕೆಂಡಿಗೆ 10 ಮೀಟರ್. ಆ ವೇಗದಲ್ಲಿ ಕಂಬಕ್ಕೆ ಬಡಿಯುವುದೂ 5 ಮೀಟರ್ ಎತ್ತರದಿಂದ ನೆಲಕ್ಕೆ ಬೀಳುವುದೂ ಹೆಚ್ಚುಕಡಿಮೆ ಒಂದೇ. ವೇಗ ಇಮ್ಮಡಿಸಿ 72 ಆದರೆ ಎತ್ತರ ನಾಲ್ಮಡಿಯಾಗುತ್ತದೆ: 20 ಮೀಟರ್, ಸುಮಾರು ಆರು ಮಹಡಿ. ಇನ್ನು, ಕಂಬ ನಿಂತಿದೆ ಎನ್ನುವುದು ನೆಲದ ಮೇಲಿರುವವರ ಮಾತು. ಬಾಗಿಲಲ್ಲಿರುವವನ ಪಾಲಿಗೆ ಕಂಬವೇ ಸೆಕೆಂಡಿಗೆ 20 ಮೀಟರ್ ಓಡಿಬರುತ್ತದೆ. ಗೆಳೆಯ ಕರೆದನೆಂದು ಒಂದು ಸೆಕೆಂಡು ಅತ್ತ ತಿರುಗಿದರೆ ಸಾಕು. ಎದುರಿನಿಂದ ಇನ್ನೊಂದು ಗಾಡಿ ಬಂದರಂತೂ ಎರಡರ ವೇಗವೂ ಕೂಡಿಕೊಳ್ಳುತ್ತದೆ.

ಮಗ ಸ್ಟ್ರೈಕರನ್ನು ಬೆರಳಲ್ಲಿ ತಿರುಗಿಸುತ್ತ ಕುಳಿತ. ಬಳಿಕ ಮೆಲ್ಲಗೆ ಕೇಳಿದ: “ಅಪ್ಪ, ಆಫೀಸಿಗೆ ಹೋಗುವಾಗ ನೀವೆಲ್ಲಿ ನಿಲ್ತೀರಿ?”

ನಾವು ಉತ್ತರ ಕೊಡಲಿಲ್ಲ. ಇಪ್ಪತ್ತೆರಡು ವರ್ಷಗಳಿಂದ ನಾವೂ ಬಾಗಿಲಿನವರೇ. ಆಫೀಸಿನ ಹಾಜರಿಗೆ ಹೆದರಿದಷ್ಟು ಕಂಬಕ್ಕೆ ಹೆದರಿದವರಲ್ಲ. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದ ನಮ್ಮಾಕೆ, “ಪಾಠ ಹೇಳಿದವರಿಗೂ ಪರೀಕ್ಷೆ ಇರಲಿ” ಎಂದಳು.

ಮರುದಿನದಿಂದ ನಮ್ಮ ಮನೆಯ ಅಲಾರಂ ಅರ್ಧ ಗಂಟೆ ಮೊದಲೇ ಹೊಡೆಯುತ್ತಿದೆ. ಒಳಗೆ ಕಾಲೂರಲು ಜಾಗವಿಲ್ಲದ ಗಾಡಿಯನ್ನು ತಂದೆ ಮಗ ಇಬ್ಬರೂ ಬಿಟ್ಟುಬಿಡುತ್ತೇವೆ. ತಿಂಗಳಿಗೆ ಒಂದೆರಡು ದಿನ ತಡವಾಗುವುದುಂಟು. ಆಗ ಮೇಲಧಿಕಾರಿಗಳ ಎದುರು ಕಂಬದಂತೆ ನಿಂತು ಮಾತಿನ ಪೆಟ್ಟು ತಿನ್ನುತ್ತೇವೆ. ಆ ಪೆಟ್ಟಿಗೆ ಇದುವರೆಗೆ ಯಾರ ತಲೆಯೂ ಒಡೆದಿಲ್ಲ.