ಅಲುಗದ ಆಸ್ತಿ

ಹೊಲದ ಖರೀದಿ ಪತ್ರದಲ್ಲಿ ಭೂಮಿಯನ್ನು ಸ್ಥಿರಾಸ್ತಿಯೆಂದು ಬರೆಯುತ್ತಾರೆ. "ಎತ್ತು ಸಾಯತಾವ, ರೊಕ್ಕ ಖರ್ಚಾಗತೈತಿ, ಭೂಮಿ ಮಾತ್ರ ಅಲುಗೂದಿಲ್ಲ, ತಮ್ಮಾ" ಎಂಬುದು ನಮ್ಮ ಅಪ್ಪನ ನಂಬಿಕೆ. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಭೂಗೋಳ ಓದಿದ ಮೇಲೆ ಆ ಮಾತನ್ನು ಪೂರ್ತಿ ಒಪ್ಪುವುದು ನನಗೆ ಕಷ್ಟವಾಗಿದೆ.

ನಮ್ಮ ರನ್ನ ಬೆಳಗಲಿಯ ಎರೆ ಹೊಲ ಬೇಸಿಗೆಯಲ್ಲಿ ಬಿರಿಯುವುದನ್ನು ಕಂಡವರಿಗೆ ಈ ವಿಷಯ ಸುಲಭ. ಮೊದಲು ಕೂದಲೆಳೆಯಂಥ ನೂರಾರು ಸೀಳುಗಳು. ಬರಬರುತ್ತ ಒಂದರ ತುದಿ ಇನ್ನೊಂದಕ್ಕೆ ಕೂಡಿ ಕೆಲವೇ ದೊಡ್ಡ ಬಿರುಕುಗಳಾಗುತ್ತವೆ. ಬಂಡೆಯಲ್ಲಿಯೂ ಹೀಗೆಯೇ. ಆದರೆ ಅಲ್ಲಿ ಸೀಳಿನ ಎರಡು ಮಗ್ಗುಲುಗಳು ಪರಸ್ಪರ ಉಜ್ಜಿಕೊಂಡು ಜರುಗುತ್ತವೆ. ಅದಕ್ಕೆ ಸ್ತರಭಂಗವೆಂದು ಹೆಸರು. ಚಿಕ್ಕವು ಬೆಳೆದು ಒಂದಾದಾಗ ದೊಡ್ಡದರ ವೇಗ ಹೆಚ್ಚುತ್ತದೆ; ನೆರೆಯ ಕಿರಿಯವು ತಮ್ಮ ಪಾಲಿನ ಚಲನೆಯನ್ನು ಅದಕ್ಕೊಪ್ಪಿಸಿ ಸುಮ್ಮನಾಗುತ್ತವೆ. ನಮ್ಮ ಜಿಲ್ಲೆಯ ಕಲಾದಗಿಯ ಹೆಸರು ಹೊತ್ತ ಸುಣ್ಣಕಲ್ಲು, ಮರಳುಗಲ್ಲುಗಳ ಪದರುಗಳು ನೂರು ಕೋಟಿ ವರ್ಷಗಳಿಗೂ ಹಿಂದಿನವು. ಅವೂ ಒಂದು ಕಾಲಕ್ಕೆ ಮಡಿಚಿ, ಮುರಿದು, ಜರುಗಿದಂಥವೇ.

ಈ ವೇಗ ಎಲ್ಲೆಡೆ ಒಂದೇ ಅಲ್ಲ. ಕ್ಯಾಲಿಫೋರ್ನಿಯದ ಸಾನ್ ಆಂಡ್ರಿಯಾಸ್ ಸ್ತರಭಂಗದ ನಡುಭಾಗ ವರ್ಷಕ್ಕೆ ಸುಮಾರು 35 ಮಿಲಿಮೀಟರಿನಷ್ಟು ಜರುಗುತ್ತದೆ. ದಖ್ಖನದ ಸ್ತರಭಂಗಗಳಾದರೋ ಸಾವಿರಾರು ವರ್ಷ ಮೌನವಾಗಿದ್ದುಬಿಡಬಲ್ಲವು. ಭಾರತದ ನೆಲವೆಲ್ಲ ವರ್ಷಕ್ಕೆ ಸುಮಾರು 5 ಸೆಂಟಿಮೀಟರು ಉತ್ತರಕ್ಕೆ ಸರಿದು ಹಿಮಾಲಯವನ್ನು ಒತ್ತುತ್ತಿದೆ; ಆ ಒತ್ತಡ ಇಲ್ಲಿಯೂ ಹನಿಹನಿಯಾಗಿ ಕೂಡುತ್ತದೆ. ತುಂಬಿದ ಚೀಲವನ್ನು ನೂಕಿ ನೋಡಿರಿ: ಎಷ್ಟೋ ಹೊತ್ತು ಮಿಸುಕದು, ಆಮೇಲೆ ತಟ್ಟನೆ ಜಾರುತ್ತದೆ. ನೀರು ಆ ಹಿಡಿತವನ್ನು ಸಡಿಲಿಸುವುದೂ ಉಂಟು. ನಮ್ಮ ಕೃಷ್ಣೆಯನ್ನು ಕೂಡುವ ಕೊಯ್ನಾ ಹೊಳೆಯ ಜಲಾಶಯ 1962ರಿಂದ ತುಂಬತೊಡಗಿತು. 1967ರ ಡಿಸೆಂಬರ್ 11ರಂದು ಅಲ್ಲಿ 6.3 ಪ್ರಮಾಣದ ಭೂಕಂಪವಾಯಿತು. ಅದಕ್ಕೆ ಜಲಾಶಯವೇ ಪ್ರೇರಣೆಯೆಂಬುದು ವಿಜ್ಞಾನಿಗಳ ಅಭಿಪ್ರಾಯ.

ಅದಕ್ಕಿಂತ ಘೋರವಾದುದು ಕಿಲ್ಲಾರಿಯದು. ಲಾತೂರು ಜಿಲ್ಲೆಯ ಆ ಊರು ನಮ್ಮ ನಾಡಿನ ಗಡಿಗೆ ಸಮೀಪ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಜನ ಮಲಗಿದ್ದಾಗ, 6.2 ಪ್ರಮಾಣದ ಕಂಪನವಾಗಿ ಸುತ್ತಲಿನ ಹಳ್ಳಿಗಳಲ್ಲಿ ಸುಮಾರು 10 ಸಾವಿರ ಮಂದಿ ಸತ್ತರು. ಅವರನ್ನು ಕೊಂದದ್ದು ಜರುಗಿದ ಬಂಡೆಗಿಂತ ಹೆಚ್ಚಾಗಿ ಕುಸಿದ ಮನೆ: ಕೆಸರಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಮೇಲೆ ಹೇರಿದ ಮಣ್ಣಿನ ಮಾಳಿಗೆ.

ನಮ್ಮ ಮನೆಯೂ ಅಂಥದೇ. ಬರುವ ಬೇಸಿಗೆಯಲ್ಲಿ ಅಪ್ಪ ಇನ್ನೊಂದು ಕೋಣೆ ಕಟ್ಟಿಸಬೇಕೆಂದಿದ್ದಾನೆ. ಗೋಡೆಯ ಎರಡೂ ಮಗ್ಗುಲು ಮುಟ್ಟುವ ಉದ್ದಗಲ್ಲುಗಳನ್ನು ನಡುನಡುವೆ ಇಡಿಸಿ, ಬಾಗಿಲ ತಲೆಯ ಮಟ್ಟಕ್ಕೆ ಸುತ್ತಲೂ ಕಬ್ಬಿಣ ಹಾಕಿದ ಕಾಂಕ್ರೀಟಿನ ಪಟ್ಟಿ ಕಟ್ಟಿಸೋಣವೆಂದು ನಾನು ಹೇಳಿದ್ದೇನೆ. ಖರ್ಚಿನ ಲೆಕ್ಕ ಇನ್ನೂ ನಡೆದಿದೆ. ಪದವಿಯಿಂದ ನೌಕರಿ ಸಿಕ್ಕೀತೋ ಇಲ್ಲವೋ, ಆ ಪಟ್ಟಿಯೊಂದು ಗೋಡೆಗೆ ಬಿದ್ದರೆ ನನ್ನ ಓದು ಮನೆಗೆ ಮುಟ್ಟಿತೆಂದು ತಿಳಿಯುತ್ತೇನೆ.