ಸ್ವೆಟರಿಗೆ ಯಾವ ಇಂಗ್ಲಿಷ್ ಪದ?



ಸ್ಪೋಕನ್ ಇಂಗ್ಲಿಷ್ ಕಲಿಯೋರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ: ನಿಮ್ಮ ಫೇವರಿಟ್ ಸೀಸನ್ ಯಾವುದು, ಆಗ ಯಾವ ಬಟ್ಟೆ ಹಾಕ್ತೀರಿ? ನಮ್ಮ ಹುಡುಗ್ರು ಗೈಡ್ ನೋಡಿ ಬಾಯಿಪಾಠ ಮಾಡಿದ್ದನ್ನೇ ಒಪ್ಪಿಸ್ತಾರೆ, ಸ್ಪ್ರಿಂಗ್ ಈಸ್ ದಿ ಕಿಂಗ್ ಆಫ್ ಸೀಸನ್ಸ್ ಅಂತ. ಯಾರ ಸ್ಪ್ರಿಂಗ್ ಇದು? ಇಂಗ್ಲೆಂಡಿನವರಿಗೆ ಕತ್ತಲು, ಚಳಿ ಮುಗಿದು ಬಿಸಿಲು ಕಾಣೋ ಕಾಲ. ನಮ್ಮ ರಾಯಚೂರಿನಲ್ಲಿ ಏಪ್ರಿಲ್ ಅಂದ್ರೆ 40 ಡಿಗ್ರಿ ಬಿಸಿಲಲ್ಲಿ ಉದ್ಯೋಗ ಖಾತ್ರಿಯ ಮಣ್ಣು ಹೊರೋ ಕಾಲ.

ಅದಕ್ಕೇ ಕಾಲೋನಿಯ ಭಾನುವಾರದ ಕ್ಲಾಸಲ್ಲಿ ನಾನು ಮೊದಲು ಕನ್ನಡದಲ್ಲೇ ಕೇಳ್ತೀನಿ. ಒಬ್ಬ ಹುಡುಗಿ ಅಂದಳು: "ಮಳಿಗಾಲ ಬ್ಯಾಡ ಸರ, ತಗಡು ಸೋರ್ತದ. ಚಳಿಗಾಲ ಚೊಲೊ. ಹತ್ತಿ ಬಿಡಿಸೋ ಕೂಲಿ ಇರ್ತದ, ಅವ್ವನ ಕೈಯಾಗ ರೊಕ್ಕ ಇರ್ತದ." ಇದು ಉತ್ತರ! ಇನ್ನು ಇಂಗ್ಲಿಷ್ ಮಾಡೋದಷ್ಟೇ ಕೆಲಸ. "ಐ ಲೈಕ್ ವಿಂಟರ್ ಸೀಸನ್ ವೆರಿ ಮಚ್" ಅನ್ನೋ ಬದಲು "ಐ ಲವ್ ವಿಂಟರ್" ಸಾಕು. "ಕೂಲ್‌ನೆಸ್ ಈಸ್ ದೇರ್" ಬೇಡ, "ಇಟ್ಸ್ ಚಿಲಿ ಇನ್ ದಿ ಮಾರ್ನಿಂಗ್ಸ್". ಚಿಲಿ ಅಂದ್ರೆ ಮೆಣಸಿನಕಾಯಿ ಅಲ್ವಾ ಅಂತ ಎಲ್ರೂ ನಕ್ಕರು. ಉಚ್ಚಾರ ಒಂದೇ, ಸ್ಪೆಲ್ಲಿಂಗ್ ಬೇರೆ. ಹಂಗೇ ನಾವು ಚೂಡಿದಾರಕ್ಕೂ ಡ್ರೆಸ್ ಅಂತೀವಿ, ಇಂಗ್ಲಿಷರ ಕಿವಿಗೆ ಅದು ಫ್ರಾಕು. ಹೊಸ ಬಟ್ಟೆಗೆ ನ್ಯೂ ಕ್ಲೋದ್ಸ್ ಅನ್ನಿ.

ತೊಡಕಾದದ್ದು ಅವಳ ಸ್ವೆಟರಿನ ಹತ್ರ. ಅದು ಅವ್ವ ಕೂಲಿಗೆ ಹೋಗೋ ದೊಡ್ಡಮನೆಯವರು ಕೊಟ್ಟದ್ದು. ಇದಕ್ಕೇನಂತೀರಿ ಸರ?

ಅಕ್ಕ ಹಾಕಿ ಬಿಟ್ಟದ್ದು ತಂಗಿಗೆ ಬಂದ್ರೆ ಹ್ಯಾಂಡ್-ಮಿ-ಡೌನ್, ಅದರಲ್ಲಿ ಮನೆಯ ಬಿಸಿ ಇರುತ್ತೆ. ಸಂತೆಯಲ್ಲಿ ರೊಕ್ಕ ಕೊಟ್ಟು, ಚೌಕಾಸಿ ಮಾಡಿ ಕೊಂಡ್ರೆ ಸೆಕೆಂಡ್ ಹ್ಯಾಂಡ್, ಅದರಲ್ಲಿ ನಾಚೋದೇನಿಲ್ಲ. ತಮಗೆ ಬೇಡಾಗಿ ಬಿಸಾಕಿದ್ದು ಬಡವರ ಕೈಗೆ ಬಂದ್ರೆ ಅದು ಕಾಸ್ಟ್-ಆಫ್. ಜಾತಿಗೆ ಹೇಳೋ ಕಾಸ್ಟ್ ಬೇರೆ ಪದ, ಸ್ಪೆಲ್ಲಿಂಗಲ್ಲಿ ಕೊನೆಗೊಂದು ಇ ಜಾಸ್ತಿ. ಕಿವಿಗೆ ಮಾತ್ರ ಎರಡೂ ಒಂದೇ!

ಈ ಹಳೇ ಬಟ್ಟೆ ಸುಮ್ನೆ ಬಂದದ್ದಲ್ಲ. ಮನುಸ್ಮೃತಿಯ 10ನೇ ಅಧ್ಯಾಯ ತೆಗೆದು ನೋಡಿ, ಚಾಂಡಾಲರಿಗೆ ಹೆಣದ ಬಟ್ಟೆ, ಶೂದ್ರರಿಗೆ ಹಳೇ ಬಟ್ಟೆ ಅಂತ ಬರೆದಿಟ್ಟಿದ್ದಾರೆ. ಅದನ್ನ ಮಹಾಡಿನಲ್ಲಿ ಸುಟ್ಟದ್ದು 1927ರ ಡಿಸೆಂಬರ್ 25ಕ್ಕೆ, ಇದೇ ಚಳಿಗಾಲದಲ್ಲಿ. ಅದೇ ಸಮ್ಮೇಳನದಲ್ಲಿ ಬಾಬಾಸಾಹೇಬರು ಹೆಣ್ಣುಮಕ್ಕಳನ್ನ ಕೂರಿಸಿಕೊಂಡು ಸೀರೆ ಬಗ್ಗೆನೂ ಮಾತಾಡಿದ್ರು: ಉಡುವ ರೀತಿ ನೋಡಿ ಯಾರೂ ಜಾತಿ ಗುರುತು ಹಿಡಿಯೋ ಹಂಗಿರಬಾರದು, ಹರಿದಿದ್ರೂ ಸ್ವಚ್ಛ ಇರಲಿ. ಅವರ ಸೂಟಿನ ಬಗ್ಗೆ ಕೊಂಕು ಆಡೋರಿಗೆ ಈ ಮಾತು ಎಂದೂ ನೆನಪಾಗಲ್ಲ ಬಿಡಿ.

ಇಂಟರ್‌ವ್ಯೂನಲ್ಲಿ ಕಾಸ್ಟ್-ಆಫ್ ಅಂತ ಹೇಳಬೇಕಾ ಅಂತ ಕೇಳಿದಳು. ಅದು ನಿನ್ನಿಷ್ಟ ಅಂದೆ. ಬರೀ ಮೈ ಸ್ವೆಟರ್ ಅಂದ್ರೂ ಸುಳ್ಳೇನಲ್ಲ. ಅವಳು ಬರೆದದ್ದು ಹಿಂಗೆ: "ಮೈ ಸ್ವೆಟರ್ ಈಸ್ ಎ ಕಾಸ್ಟ್-ಆಫ್. ದಿಸ್ ವಿಂಟರ್ ಐ ಆಮ್ ಬೈಯಿಂಗ್ ಮೈ ಓನ್."

ಮಕ್ಕಳಿಗೆ ಹಳೇ ಬಟ್ಟೆ ಕಳಿಸ್ತೀವಿ ಅಂತ ಮೆಸೇಜ್ ಮಾಡಿದವರಿಗೆ: ದಯವಿಟ್ಟು ಬೇಡ. ಭಾನುವಾರ ಎರಡು ಗಂಟೆ ಬಿಡುವು ಮಾಡ್ಕೊಂಡು ಬನ್ನಿ, ಇವರ ಜೊತೆ ಕೂತು ಇಂಗ್ಲಿಷಲ್ಲಿ ಮಾತಾಡಿ.