ದಿಂಬಂ ಘಟ್ಟದಲ್ಲಿ ಒಂದು ಗಾಡಿಯ ಪರೀಕ್ಷೆ

ತಾಳವಾಡಿಯ ಎತ್ತರದಿಂದ ಸತ್ಯಮಂಗಲಕ್ಕೆ ಇಳಿಯುವುದನ್ನು ನಮ್ಮ ಕಡೆಯವರು ಪ್ರವಾಸವೆಂದು ಕರೆಯುವುದಿಲ್ಲ. ಕಚೇರಿಯ ಕಾಗದ, ಆಸ್ಪತ್ರೆಯ ಚೀಟಿ, ತರಕಾರಿಯ ಹೇರು ಇವುಗಳಲ್ಲಿ ಯಾವುದಾದರೊಂದು ಕೈಯಲ್ಲಿರದೆ ಆ ಹಾದಿಯನ್ನು ಹಿಡಿದವರು ವಿರಳ. 1956ರ ನವೆಂಬರ್ 1ರಂದು ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿದಾಗ ನಮ್ಮ ತಾಳವಾಡಿ ಇದ್ದಲ್ಲಿಯೇ ಉಳಿಯಿತು. 1979ರಲ್ಲಿ ಈರೋಡು ಜಿಲ್ಲೆಯಾದಾಗ ಅದರ ಪಾಲಿಗೆ ಬಂದಿತು. ಚಾಮರಾಜನಗರ ನಮಗೆ ಬಯಲಿನ ನೆರೆಮನೆಯಾದರೆ, ನಮ್ಮ ಜಿಲ್ಲೆಯ ಊರುಗಳೆಲ್ಲ ಘಟ್ಟದ ಕೆಳಗಿವೆ. ನಡುವೆ ಆನೆಗಳ ಕಾಡು, ಇಪ್ಪತ್ತೇಳು ತಿರುವುಗಳ ದಿಂಬಂ ಘಟ್ಟ.

ಈ ಬಾರಿ ನಾವು ಘಟ್ಟವಿಳಿದದ್ದು ಹಳೆಯದೊಂದು ಸಣ್ಣ ಸರಕು ಗಾಡಿಯನ್ನು ನೋಡಲು. ನಮ್ಮ ಮನೆಯಲ್ಲಿ ಕೃಷಿಯ ಭಾರ ತಮ್ಮನದು. ಶಾಲೆಯ ಕೆಲಸದಿಂದ ನಿವೃತ್ತರಾದ ನಮ್ಮ ಪಾಲಿಗೆ ಉಳಿದಿರುವುದು ಲೆಕ್ಕಪತ್ರ ಮತ್ತು ಪುಕ್ಕಟೆ ಸಲಹೆ. ಎಲೆಕೋಸು, ಬೀಟ್‌ರೂಟು, ಆಲೂಗಡ್ಡೆಗಳನ್ನು ಬಾಡಿಗೆ ಗಾಡಿಯಲ್ಲಿ ಸಾಗಿಸಿ ಸಾಗಿಸಿ ಬೇಸತ್ತ ತಮ್ಮನು ಸ್ವಂತ ಗಾಡಿಯ ಮಾತನ್ನು ಎರಡು ವರ್ಷಗಳಿಂದ ಎತ್ತುತ್ತಲೇ ಇದ್ದ. ಹೊಸದಕ್ಕೆ ಶಕ್ತಿಯಿಲ್ಲ, ಹಳೆಯದಕ್ಕಾದರೂ ಹಣ ಬರಬೇಕಾದದ್ದು ಅವನ ಹೆಂಡತಿಯ ಕಾಸಿನ ಸರದಿಂದ. ತವರಿನಿಂದ ಬಂದ ಸರ ಅದು. ಆಕೆ ಬೇಡವೆನ್ನಲಿಲ್ಲ, ಆಗಲಿ ಎಂದೂ ಹೇಳಲಿಲ್ಲ. ಮನೆಯ ಹಿರಿಯರಾದ ನಮಗೆ ಆ ಮೌನವೇ ಹೆಚ್ಚು ಭಾರವಾಗಿತ್ತು.

ಈ ಸಣ್ಣ ಗಾಡಿಗಳು ನಮ್ಮ ಹಳ್ಳಿಗಳಿಗೆ ಬಂದು ಬಹಳ ಕಾಲವೇನೂ ಆಗಿಲ್ಲ. 2005ರಲ್ಲಿ ಟಾಟಾದವರು ಎರಡು ಸಿಲಿಂಡರಿನ ಏಸ್ ಗಾಡಿಯನ್ನು ಹೊರತಂದ ಮೇಲೆ, ಲಾರಿಗೆ ಸಾಲದ, ಆಟೋಗೆ ಹೆಚ್ಚಾದ ಹೇರಿಗೆ ಒಂದು ದಾರಿಯಾಯಿತು. 2011ರಲ್ಲಿ ಅಶೋಕ್ ಲೇಲ್ಯಾಂಡಿನ ದೋಸ್ತ್ ಬಂದಿತು. ಅದು ತಯಾರಾದದ್ದು ನಮ್ಮಂತೆಯೇ ಗಡಿಯಾಚೆ ಉಳಿದ ಕನ್ನಡಿಗರ ಊರಾದ ಹೊಸೂರಿನಲ್ಲಿ. ಹೆಸರು ಯಾವುದಾದರೇನು, ಹಳೆಯ ಗಾಡಿಯ ಗುಣದೋಷಗಳು ಬಹುಮಟ್ಟಿಗೆ ಹಿಂದಿನ ಒಡೆಯನ ಕೈಯಿಂದ ಬಂದವು. ಆದ್ದರಿಂದ ನಾವು ನೋಡಿದ ಗಾಡಿ ಯಾರದೆಂಬುದನ್ನೂ ಯಾವ ಕಂಪನಿಯದೆಂಬುದನ್ನೂ ಇಲ್ಲಿ ಹೇಳುವುದಿಲ್ಲ.

ಮೊದಲು ಮೈಸೂರಿನಲ್ಲಿ ಒಂದು ಗಾಡಿಯಿದ್ದಿತು. ಬೆಲೆ ನಲವತ್ತು ಸಾವಿರ ಕಡಿಮೆ. ಕರ್ನಾಟಕದ ಸಂಖ್ಯಾಫಲಕವನ್ನು ಕಂಡು ತಮ್ಮನಿಗೆ ಅಭಿಮಾನವೂ ಉಕ್ಕಿತು. ಆದರೆ ಗಡಿಯ ಜನರಿಗೆ ಅಭಿಮಾನಕ್ಕಿಂತ ಮೊದಲು ಕಾಯಿದೆ ಎದುರಾಗುತ್ತದೆ. ಒಂದು ರಾಜ್ಯದ ಗಾಡಿಯನ್ನು ಮತ್ತೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇರಿಸಿಕೊಂಡರೆ ಅಲ್ಲಿಯ ಹೊಸ ಸಂಖ್ಯೆ ಪಡೆಯಲೇಬೇಕೆಂದು 1988ರ ಮೋಟಾರು ವಾಹನ ಕಾಯಿದೆ ಹೇಳುತ್ತದೆ. ಅದಕ್ಕೆ ಮೊದಲ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಇಲ್ಲಿ ತೆರಿಗೆಯನ್ನು ಹೊಸದಾಗಿ ಕಟ್ಟಬೇಕು. ನಲವತ್ತು ಸಾವಿರದ ಲಾಭ ಎರಡು ಕಚೇರಿಗಳ ಮೆಟ್ಟಿಲುಗಳಲ್ಲಿ ಸವೆದುಹೋಗುತ್ತದೆಂದು ನಾವು ಅದನ್ನು ಕೈಬಿಟ್ಟೆವು. ಸತ್ಯಮಂಗಲದ ಗಾಡಿ 2017ರದು. ಕೇಳಿದ ಬೆಲೆ 3,60,000.

ಬೆಳಗಿನ ಬಸ್ಸಿನಲ್ಲಿ ಹೊರಟೆವು. ಹಾಸನೂರಿನ ಸುತ್ತ ಮಂಜು ಇನ್ನೂ ಕರಗಿರಲಿಲ್ಲ. ಕಬ್ಬಿನ ಲಾರಿಗಳನ್ನು ತಡೆದು ಜಲ್ಲೆಯನ್ನು ಸೆಳೆದುಕೊಳ್ಳುವ ಆನೆಗಳ ರಾಜ್ಯ ಅದು. ಆ ದಿನ ಒಂದು ಕಡವೆ ಮಾತ್ರ ರಸ್ತೆ ದಾಟಿತು. ಈ ಕಾಡು 2013ರಲ್ಲಿ ಹುಲಿ ರಕ್ಷಿತ ಪ್ರದೇಶವಾಯಿತು. 2022ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯದ ಆದೇಶದಂತೆ ರಾತ್ರಿ ಸಂಚಾರಕ್ಕೆ ಕಟ್ಟುಪಾಡು ಜಾರಿಗೆ ಬಂದಾಗ ನಮ್ಮ ಭಾಗದ ರೈತರು ಬೀದಿಗಿಳಿದು ಪ್ರತಿಭಟಿಸಿದ್ದನ್ನು ಓದುಗರು ಮರೆತಿರಲಾರರು. ರಾತ್ರಿ ಗಾಡಿಗಳ ಚಕ್ರಕ್ಕೆ ಸಿಕ್ಕಿ ಸತ್ತ ಮೃಗಗಳನ್ನು ಕಂಡವರು ನಾವೇ ಆದ್ದರಿಂದ ಆದೇಶವನ್ನು ಹಳಿಯಲು ನಮಗೆ ಬಾಯಿ ಬಾರದು. ಆದರೂ ಕಿತ್ತ ಕೋಸು ಸೂರ್ಯೋದಯಕ್ಕೆ ಕಾಯುವುದಿಲ್ಲವೆಂಬುದು ಅಷ್ಟೇ ದಿಟ.

ದಿಂಬಂ ನೆತ್ತಿಯಿಂದ ಕೆಳಗೆ ನೋಡಿದರೆ ಬಯಲೆಲ್ಲ ಬಿಸಿಲಿನಲ್ಲಿ ಬೆಳ್ಳಗೆ ಮಸುಕಾಗಿ ಕಾಣುತ್ತದೆ. 1790ರಲ್ಲಿ ಟಿಪ್ಪುವಿನ ಸೈನ್ಯ ಹತ್ತಿರದ ಗಜಲಹಟ್ಟಿಯ ಕಣಿವೆಯಿಂದ ಇಳಿದು ಸತ್ಯಮಂಗಲದಲ್ಲಿ ಇಂಗ್ಲಿಷರನ್ನು ಎದುರಿಸಿತು. ಫಿರಂಗಿಗಳನ್ನು ಎಳೆದ ಎತ್ತುಗಳ ಕಷ್ಟವನ್ನು ನೆನೆದರೆ ನಮ್ಮದು ಏನೂ ಅಲ್ಲ. ಬಣ್ಣಾರಿಯಲ್ಲಿ ಇಳಿದು ಅಮ್ಮನಿಗೆ ಕೈಮುಗಿದು, ಮಲ್ಲಿಗೆಯ ಪರಿಮಳ ತುಂಬಿದ ಸತ್ಯಮಂಗಲವನ್ನು ಸೇರುವ ಹೊತ್ತಿಗೆ ಹತ್ತು ಗಂಟೆಯಾಗಿತ್ತು.

ಗಾಡಿಯ ಒಡೆಯರು ಸಜ್ಜನರು, ಕಾಫಿ ತರಿಸಿದರು. ಇಂಥ ಗಾಡಿಗಳಲ್ಲಿ ಎಂಜಿನ್ ಸೀಟಿನಡಿಯಲ್ಲಿರುತ್ತದೆ. ನಮ್ಮೊಡನೆ ಬಂದಿದ್ದ ಊರಿನ ಮೆಕ್ಯಾನಿಕ್ ಮಾತನಾಡದೆ ಸೀಟನ್ನೆತ್ತಿ ಅಂಗೈಯಿಟ್ಟು ನೋಡಿದ. ಬಿಸಿ! ನಾವು ಬರುವ ಮೊದಲೇ ಅದನ್ನು ಓಡಿಸಿ ಇರಿಸಿದ್ದರು. ತಣ್ಣಗಿರುವ ಡೀಸೆಲ್ ಎಂಜಿನ್ ಮೊದಲ ಬಾರಿಗೆ ಹೇಗೆ ಎದ್ದುಕೊಳ್ಳುತ್ತದೆಂಬುದರಲ್ಲಿ ಅದರ ಅರ್ಧ ಜಾತಕವಿದೆಯಂತೆ. "ಎರಡು ಗಂಟೆ ಆರಲಿ ಸ್ವಾಮಿ" ಎಂದು ಅವನು ನೆರಳಿನಲ್ಲಿ ಕುಳಿತುಬಿಟ್ಟ. ಒಡೆಯರ ಮುಖ ಸ್ವಲ್ಪ ಕುಂದಿತು.

ಆ ಬಿಡುವಿನಲ್ಲಿ ನಾವು ಕಾಗದಗಳನ್ನು ನೋಡಿದೆವು. ಚಾಸಿಯ ಮೇಲೆ ಕೊರೆದ ಸಂಖ್ಯೆಗೂ ಪುಸ್ತಕದ ಸಂಖ್ಯೆಗೂ ಹೊಂದಿಕೆಯಿತ್ತು. ಸಾಲ ತೀರಿದೆಯೆಂದು ಅವರು ಹೇಳಿದರೂ ನೋಂದಣಿ ಪತ್ರದಲ್ಲಿ ಸಾಲ ಕೊಟ್ಟವರ ಹೆಸರು ಹಾಗೆಯೇ ಉಳಿದಿತ್ತು. ಬಾಯಿಮಾತಿನಲ್ಲಿ ತೀರಿದ ಸಾಲ ಕಾಗದದಲ್ಲಿ ಜೀವಂತವಾಗಿದ್ದರೆ ಮುಂದೆ ಗಾಡಿಯ ಬಾಗಿಲಿಗೆ ಬರುವವರು ಅವರೇ. 35ನೆಯ ನಮೂನೆಗೆ ಅವರ ಸಹಿ ಬೀಳದೆ ಪೂರ್ಣ ಹಣ ಕೊಡುವುದಿಲ್ಲವೆಂದು ಖಚಿತವಾಗಿ ತಿಳಿಸಿದೆವು. ಎಂಟು ವರ್ಷ ದಾಟಿದ ಸರಕು ಗಾಡಿಗೆ ಅರ್ಹತಾ ಪತ್ರವನ್ನು ಪ್ರತಿವರ್ಷವೂ ಪಡೆಯಬೇಕೆಂಬುದನ್ನು ಲೆಕ್ಕಕ್ಕೆ ಸೇರಿಸಿಕೊಂಡೆವು. ಒಂದು ಸಮಾಧಾನವೆಂದರೆ, ಹೇರೂ ಸೇರಿ ಒಟ್ಟು ತೂಕ 3,000 ಕಿಲೋ ಮೀರದ ಸರಕು ಗಾಡಿಗೆ ಪರ್ಮಿಟ್ಟು ಬೇಕಿಲ್ಲ. ತಮ್ಮನ ಬಳಿಯಿರುವುದು ಲಘು ವಾಹನದ ಪರವಾನಗಿ. ಇಂಥ ಗಾಡಿಗೆ ಅದೇ ಸಾಕೆಂದು ಸರ್ವೋಚ್ಚ ನ್ಯಾಯಾಲಯ 2024ರ ನವೆಂಬರಿನಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ.

ಮಧ್ಯಾಹ್ನ ತಣ್ಣಗಾದ ಎಂಜಿನ್ ಎರಡನೆಯ ಪ್ರಯತ್ನಕ್ಕೆ ಎದ್ದಿತು. ನೀಲಿ ಹೊಗೆಯಿಲ್ಲ. ಆದರೆ ಬಯಲಿನಲ್ಲಿ ಓಡಿದ ಗಾಡಿಯನ್ನು ನಂಬಿ ಬೆಟ್ಟದವರು ಕೊಳ್ಳಬಾರದು. ಮನೆಗೆ ಹಿಂಡಿ, ಬೂಸ ಬೇಕಾಗಿತ್ತು. ಐವತ್ತು ಕಿಲೋದ ಹನ್ನೆರಡು ಮೂಟೆಗಳನ್ನು ಹೇರಿಸಿ, ಡೀಸೆಲ್ ನಮ್ಮದೆಂದು ಒಪ್ಪಿ, ಅವರ ಚಾಲಕನನ್ನೇ ಕರೆದುಕೊಂಡು ಘಟ್ಟ ಹತ್ತಿಸಿದೆವು.

ಮೊದಲ ಎಂಟು ತಿರುವುಗಳು ಸುಖವಾಗಿ ಕಳೆದವು. ಒಂಬತ್ತರಲ್ಲಿ ಎದುರಿನಿಂದ ದೊಡ್ಡ ಲಾರಿಯೊಂದು ಹಿಂದುಮುಂದಾಗಿ ತಿರುಗುತ್ತಿತ್ತು. ಏರಿನಲ್ಲಿ ನಿಂತು ಮತ್ತೆ ಹೊರಡಬೇಕಾಯಿತು. ಆಗ ಎಂಜಿನಿನ ಕೂಗು ಏರಿತು, ಗಾಡಿಯ ವೇಗ ಏರಲಿಲ್ಲ. ಸುಟ್ಟ ವಾಸನೆ ಮೂಗಿಗೆ ಬಡಿಯಿತು. "ಕ್ಲಚ್ಚು ಜಾರ್ತಾ ಅದೆ" ಎಂದ ನಮ್ಮ ಮೆಕ್ಯಾನಿಕ್. ಚಾಲಕನು ತಮಿಳಿನಲ್ಲಿ ಮೆಲ್ಲನೆ, ಮೂರು ತಿಂಗಳಿಂದಲೇ ಹೀಗಿದೆಯೆಂದು ಒಪ್ಪಿಕೊಂಡ. ಬಡವನ ಆ ಸತ್ಯಕ್ಕೆ ನಾವು ಇಂದಿಗೂ ಋಣಿಗಳು. ಉಷ್ಣತೆಯ ಮುಳ್ಳು ಮಾತ್ರ ಇಪ್ಪತ್ತೇಳನೆಯ ತಿರುವಿನವರೆಗೂ ಅಲುಗಾಡಲಿಲ್ಲ. ಎಂಜಿನ್ ಗಟ್ಟಿ, ಕ್ಲಚ್ಚು ಸವೆದಿದೆ ಎಂಬುದು ಘಟ್ಟದ ತೀರ್ಪು.

ರಾತ್ರಿ ಜಗಲಿಯಲ್ಲಿ ನಾವು ಲೆಕ್ಕದ ಪುಸ್ತಕ ತೆರೆದೆವು. ವರ್ಷಕ್ಕೆ ನಲವತ್ತು ಬಾಡಿಗೆ, ಒಂದಕ್ಕೆ 3,000ದಂತೆ 1,20,000. ಸ್ವಂತ ಗಾಡಿಯಾದರೆ ಡೀಸೆಲ್ಲಿಗೆ 40,000. ವಿಮೆ 20,000, ತೆರಿಗೆ ಮತ್ತು ಅರ್ಹತಾ ಪತ್ರಕ್ಕೆ 12,000, ಟಯರು ಮತ್ತು ರಿಪೇರಿಗೆ 30,000. ಉಳಿಯುವುದು 18,000, ಅಷ್ಟನ್ನೂ ಅಡವಿನ ಬಡ್ಡಿಯೇ ನುಂಗುತ್ತದೆ. "ಬೇಡ" ಎಂದು ಪುಸ್ತಕ ಮುಚ್ಚಿದೆವು. ತಮ್ಮನು ತಲೆತಗ್ಗಿಸಿದ.

ಆಗ ಒಳಗಿನಿಂದ ತಮ್ಮನ ಹೆಂಡತಿ ಬಂದು ಬಾಗಿಲ ಬಳಿ ನಿಂತಳು. "ಭಾವ, ಬಂದ ಗಾಡಿಯ ಬಾಡಿಗೆ ಬರೆದಿದ್ದೀರಿ. ಬಾರದೆ ಹೋದ ಗಾಡಿಯನ್ನು ಎಲ್ಲಿ ಬರೆದಿದ್ದೀರಿ?"

ನಮ್ಮಲ್ಲಿ ಉತ್ತರವಿರಲಿಲ್ಲ. ಹಿಂದಿನ ಆಷಾಢದಲ್ಲಿ ಮೂರು ಬಾರಿ ಬಾಡಿಗೆ ಗಾಡಿ ಕೈಕೊಟ್ಟಿತ್ತು. ಬಲಿತ ಕೋಸಿಗೆ ಮಳೆ ಬಿದ್ದರೆ ಗಡ್ಡೆ ಹೊಲದಲ್ಲಿಯೇ ಸೀಳುತ್ತದೆ. ಸೀಳಿದ್ದನ್ನು ಯಾವ ವ್ಯಾಪಾರಿಯೂ ಮುಟ್ಟುವುದಿಲ್ಲ. ಅರ್ಧ ಎಕರೆಯ ಬೆಳೆ ಕುರಿಗಳ ಪಾಲಾಗಿತ್ತು. ಆ ಕೋಸನ್ನು ನೆಟ್ಟವಳೂ ಕಳೆ ಕಿತ್ತವಳೂ ಆಕೆಯೇ. ಆದರೂ ನಮ್ಮ ಪುಸ್ತಕದಲ್ಲಿ ಅದಕ್ಕೊಂದು ಸಾಲಿರಲಿಲ್ಲ. ಆಕೆ ಸರವನ್ನು ತಂದು ದೀಪದ ಪಕ್ಕದಲ್ಲಿಟ್ಟು, "ಗಾಡಿ ನನ್ನ ಹೆಸರಿಗೆ ಆಗಲಿ" ಎಂದಳು. ತಾಯಿಯವರು "ಸರಿಯಾಗಿ ಹೇಳಿದೆ" ಎಂದರು.

ಕ್ಲಚ್ಚನ್ನು ನಾವೇ ಹಾಕಿಸಿಕೊಳ್ಳುವ ಮಾತಿನ ಮೇಲೆ ಬೆಲೆ 3,35,000ಕ್ಕೆ ಇಳಿಯಿತು. ಮುಂಗಡ ಐದು ಸಾವಿರ ಕೊಟ್ಟು, ಸಾಲ ತೀರಿದ ಪತ್ರಕ್ಕಾಗಿ ಒಂದು ತಿಂಗಳು ಕಾದೆವು. ಅದು ಬಂದ ಮೇಲೆಯೇ 29 ಮತ್ತು 30ನೆಯ ನಮೂನೆಗಳಿಗೆ ಸಹಿಗಳಾದವು. ವಿಮೆಯನ್ನೂ ಅದೇ ವಾರ ಆಕೆಯ ಹೆಸರಿಗೆ ಬದಲಾಯಿಸಿದೆವು. ಮುಂದಿನ ಗಾಜಿನ ಮೇಲೆ ಮಾದಪ್ಪನ ಹೆಸರನ್ನು ಕನ್ನಡದಲ್ಲಿ ಬರೆಸಿದ್ದಾಳೆ. ಸರ ಇನ್ನೂ ಬ್ಯಾಂಕಿನಲ್ಲಿದೆ.